ವಾಲ್ಡೆಮಾರ್ ಹಾಫ್‌ಕಿನ್ : ಒಂದು ಸೀಸೆಯ ಕಳಂಕ

ನಮ್ಮ ನಾಡಿನ ಅನೇಕ ಊರುಗಳಲ್ಲಿ ಪ್ಲೇಗಿನ ಮಾರಮ್ಮನ ಗುಡಿಗಳು ಇಂದಿಗೂ ಇವೆ. ಆ ಮಹಾಮಾರಿಗೆ ಪರಿಣಾಮಕಾರಿಯಾದ ಲಸಿಕೆಯನ್ನು ಮೊದಲು ಸಿದ್ಧಪಡಿಸಿದ ಮಹನೀಯನ ಹೆಸರನ್ನು ಬಲ್ಲವರು ಮಾತ್ರ ವಿರಳ.

ವಾಲ್ಡೆಮಾರ್ ಹಾಫ್‌ಕಿನ್ 1860ರಲ್ಲಿ ಅಂದಿನ ರಷ್ಯಾ ಸಾಮ್ರಾಜ್ಯದ ಒಡೆಸ್ಸಾ ನಗರದಲ್ಲಿ ಯೆಹೂದಿ ಮನೆತನವೊಂದರಲ್ಲಿ ಜನಿಸಿದನು. ಪ್ರಾಣಿಶಾಸ್ತ್ರಜ್ಞ ಮೆಚ್ನಿಕಾಫನ ಶಿಷ್ಯನಾಗಿ ಬೆಳೆದ ಈ ಪ್ರತಿಭಾವಂತನಿಗೆ ಸ್ವಧರ್ಮವನ್ನು ತ್ಯಜಿಸದ ಕಾರಣ ಪ್ರಾಧ್ಯಾಪಕ ಪದವಿಯ ಬಾಗಿಲು ಮುಚ್ಚಿತ್ತು. 1888ರಲ್ಲಿ ದೇಶವನ್ನು ಬಿಟ್ಟು, ಮರುವರ್ಷ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯನ್ನು ಗ್ರಂಥಪಾಲಕನಾಗಿ ಸೇರಿದನು. ಆತ ವೈದ್ಯ ಪದವೀಧರನಲ್ಲವೆಂಬುದು ಗಮನಾರ್ಹ. ಮುಂದೆ ಸರಕಾರಿ ವೈದ್ಯಾಧಿಕಾರಿಗಳ ಅಸಮಾಧಾನಕ್ಕೆ ಇದೂ ಒಂದು ಕಾರಣವಾಯಿತು.

1892ರ ಜುಲೈ 18ರಂದು ತಾನು ಸಿದ್ಧಪಡಿಸಿದ ಕಾಲರಾ ಲಸಿಕೆಯನ್ನು ಮೊದಲು ತನ್ನ ಶರೀರಕ್ಕೇ ಚುಚ್ಚಿಕೊಂಡನು. ಮರುವರ್ಷ ಭಾರತಕ್ಕೆ ಬಂದನು. ಕಲ್ಕತ್ತೆಯ ಬಡವರ ಕೇರಿಗಳಲ್ಲಿ ಆತ ಅನುಸರಿಸಿದ ಕ್ರಮ ಸರಳವಾದುದು: ಒಂದೇ ಸೂರಿನಡಿ, ಒಂದೇ ನೀರನ್ನು ಕುಡಿಯುವವರಲ್ಲಿ ಲಸಿಕೆ ಪಡೆದವರೆಷ್ಟು, ಪಡೆಯದವರೆಷ್ಟು, ಇಬ್ಬರಲ್ಲಿಯೂ ರೋಗಕ್ಕೆ ಈಡಾದವರೆಷ್ಟು ಎಂದು ಎಣಿಸುವುದು. ಹೊಸ ಔಷಧವನ್ನು ಹೊಗಳಿಕೆಯಿಂದಲ್ಲದೆ ಲೆಕ್ಕದಿಂದ ಅಳೆಯಬೇಕೆಂಬ ಈ ಹಟವೇ ಆತನ ನಿಜವಾದ ಕಾಣಿಕೆಯೆಂದು ನನ್ನ ಭಾವನೆ.

1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನ ಇಕ್ಕಟ್ಟಾದ ಸ್ಥಳದಲ್ಲಿ, ಒಬ್ಬ ಗುಮಾಸ್ತ ಮತ್ತು ಮೂವರು ಜವಾನರ ನೆರವಿನಿಂದ ಆತ ಹಗಲಿರುಳು ದುಡಿದನು. 1897ರ ಜನವರಿ 10ರಂದು ಸಾಮಾನ್ಯ ಪ್ರಮಾಣಕ್ಕಿಂತ ಹೆಚ್ಚಿನ ಲಸಿಕೆಯನ್ನು ತಾನೇ ಚುಚ್ಚಿಸಿಕೊಂಡು ಜ್ವರ, ನೋವುಗಳನ್ನು ಅನುಭವಿಸಿದನು. ಅದೇ ತಿಂಗಳು ಬೈಕುಲ್ಲಾ ಸೆರೆಮನೆಯಲ್ಲಿ ರೋಗ ಹಬ್ಬಿದಾಗ, ಸ್ವಇಚ್ಛೆಯಿಂದ ಮುಂದೆ ಬಂದ ಕೈದಿಗಳಿಗೆ ಲಸಿಕೆ ಹಾಕಲಾಯಿತು. ಹಾಕಿಸಿಕೊಳ್ಳದವರಿಗಿಂತ ಅವರಲ್ಲಿ ರೋಗವು ಬಹಳ ವಿರಳವಾಗಿತ್ತು. 1898ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿಯೂ ಸಹಸ್ರಾರು ಜನರು ತೋಳೊಡ್ಡಿದರು.

ಲಸಿಕೆಗೆ ಬೆಲೆ ಇರಲಿಲ್ಲವೆಂದಲ್ಲ. ತೋಳು ಬಾತು, ಜ್ವರ ಬಂದು, ದುಡಿಮೆಗಾರನು ಒಂದೆರಡು ದಿನದ ಕೂಲಿಯನ್ನು ಕಳೆದುಕೊಳ್ಳುತ್ತಿದ್ದನು. ಹೊತ್ತಿನ ಗಂಜಿಯನ್ನು ಅಂದಂದೇ ಗಳಿಸುವವನಿಗೆ ಅದು ಅಲ್ಪವಾದ ನಷ್ಟವಲ್ಲ. ರಕ್ಷಣೆಯೂ ಸಂಪೂರ್ಣವಾಗಿರಲಿಲ್ಲ, ಲಸಿಕೆ ಪಡೆದವರಲ್ಲಿಯೂ ಕೆಲವರು ಸತ್ತರು. ಇದನ್ನು ಹಾಫ್‌ಕಿನ್ ಮರೆಮಾಚಲಿಲ್ಲ.

1902ರಲ್ಲಿ ಪಂಜಾಬ ಪ್ರಾಂತಕ್ಕೆ ಅಪಾರ ಪ್ರಮಾಣದ ಲಸಿಕೆ ಬೇಕಾಯಿತು. ತಯಾರಿಕೆಯನ್ನು ತ್ವರೆಗೊಳಿಸಲು ಹಾಫ್‌ಕಿನ್ ವಿಧಾನವನ್ನು ಬದಲಿಸಿ, ಕಾರ್ಬಾಲಿಕ್ ಆಮ್ಲವನ್ನು ಬೆರೆಸುವುದನ್ನು ಕೈಬಿಟ್ಟು, ಕಾವಿನಿಂದಲೇ ಶುದ್ಧೀಕರಿಸುವ ಕ್ರಮವನ್ನು ಅಳವಡಿಸಿಕೊಂಡನು. ಅಕ್ಟೋಬರ್ 30ರಂದು ಮಲ್ಕೋವಾಲ್ ಗ್ರಾಮದಲ್ಲಿ ಲಸಿಕೆ ಪಡೆದ 107 ಜನರಲ್ಲಿ 19 ಮಂದಿ ಧನುರ್ವಾಯುವಿನಿಂದ ಮೃತರಾದರು. ಹತ್ತೊಂಬತ್ತು ಮಂದಿಗೂ ಲಸಿಕೆ ಬಂದದ್ದು ಒಂದೇ ಸೀಸೆಯಿಂದ. ವಿಚಾರಣಾ ಆಯೋಗವು ನಂಜು ಸೀಸೆ ತೆರೆಯುವ ಮೊದಲೇ ಸೇರಿತ್ತೆಂದು ಅಭಿಪ್ರಾಯಪಟ್ಟು, ದೋಷವನ್ನು ಪ್ರಯೋಗಶಾಲೆಯ ಮೇಲೆ ಹೊರಿಸಿತು. ಹಾಫ್‌ಕಿನ್ ಅಧಿಕಾರ ಕಳೆದುಕೊಂಡನು. ಆದರೆ ಆ ದಿನ ಸೀಸೆಯ ಬಿರಡೆಯನ್ನು ತೆಗೆಯುವ ಚಿಮುಟವು ಸಹಾಯಕನ ಕೈಯಿಂದ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಿಗೊಳಿಸದೆಯೇ ಉಪಯೋಗಿಸಲಾಗಿತ್ತು. 1907ರಲ್ಲಿ ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಲಂಡನ್ನಿನ ಟೈಮ್ಸ್ ಪತ್ರಿಕೆಯ ಮೂಲಕ ಈ ಅನ್ಯಾಯವನ್ನು ಬಹಿರಂಗವಾಗಿ ಖಂಡಿಸಿದ ಮೇಲೆ ಸರಕಾರವು ಆತನನ್ನು ಮತ್ತೆ ಸೇವೆಗೆ ಕರೆಯಿತು.

ಅಷ್ಟರಲ್ಲಿ ಐದು ವರ್ಷಗಳು ಕಳೆದಿದ್ದವು. ಮಲ್ಕೋವಾಲಿನ ಸುದ್ದಿಯಿಂದ ಪಂಜಾಬದಲ್ಲಿ ಲಸಿಕೆಯ ಮೇಲಿನ ನಂಬಿಕೆ ಕುಸಿಯಿತು. 1907 ಒಂದೇ ವರ್ಷದಲ್ಲಿ ಭಾರತದಲ್ಲಿ ಪ್ಲೇಗಿಗೆ ತುತ್ತಾದವರು ಹತ್ತು ಲಕ್ಷಕ್ಕೂ ಮಿಕ್ಕು. ಅವರಲ್ಲಿ ದೊಡ್ಡ ಪಾಲು ಪಂಜಾಬದವರದೇ. ಲಸಿಕೆಯಿಂದ ಸತ್ತವರಿಗೆ ಒಂದು ಊರಿದೆ, ಒಂದು ದಿನಾಂಕವಿದೆ. ಲಸಿಕೆಯಿಲ್ಲದೆ ಸತ್ತವರನ್ನು ಯಾವ ಆಯೋಗವೂ ವಿಚಾರಿಸಲಿಲ್ಲ. ಅದರಿಂದ ಬದುಕಿದವರಿಗಾದರೋ ತಾವು ಬದುಕಿದ್ದು ಅದರಿಂದಲೇ ಎಂಬ ಅರಿವೂ ಇರದು. ಹಾಗೆಂದು ಹತ್ತೊಂಬತ್ತನ್ನು ಲಕ್ಷದ ಮುಂದಿಟ್ಟು ಅಲ್ಪವೆನ್ನಲು ಮನಸ್ಸು ಒಪ್ಪದು. ಅವರು ರೋಗಿಗಳಾಗಿರಲಿಲ್ಲ, ಆರೋಗ್ಯವಂತರಾಗಿದ್ದು, ನಂಬಿ ತೋಳೊಡ್ಡಿದವರು. ಮರಣಶಯ್ಯೆಯಲ್ಲಿರುವವನಿಗೆ ಕೊಡುವ ಔಷಧದಲ್ಲಿ ಕ್ಷಮಿಸಬಹುದಾದ ಅಪಾಯವನ್ನು ಇಲ್ಲಿ ಕ್ಷಮಿಸಲಾಗದು. ಒಂದು ಚಿಮುಟವನ್ನು ಕಾಯಿಸಿ ಶುದ್ಧಿಗೊಳಿಸುವ ಶ್ರಮವೂ ಚಿಕಿತ್ಸೆಯ ಅಂಗವೇ ಎಂಬುದನ್ನು ಆ ಗ್ರಾಮವು ಅತಿ ದುಬಾರಿಯಾಗಿ ತೋರಿಸಿಕೊಟ್ಟಿತು.

ಕಲ್ಕತ್ತೆಗೆ ಮರಳಿದ ಹಾಫ್‌ಕಿನ್‌ನಿಗೆ ಹಿಂದಿನ ಅವಕಾಶಗಳು ದೊರೆಯಲಿಲ್ಲ. ಕೆಲವು ವರ್ಷಗಳ ನಂತರ ನಿವೃತ್ತನಾಗಿ ಯೂರೋಪಿಗೆ ತೆರಳಿದನು. ಮುಂಬಯಿಯ ಪರೇಲಿನಲ್ಲಿದ್ದ ಪ್ರಯೋಗಶಾಲೆಗೆ 1925ರಲ್ಲಿ ಆತನ ಹೆಸರನ್ನಿಡಲಾಯಿತು. ಅವಿವಾಹಿತನಾಗಿಯೇ ಉಳಿದ ಆತ 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ ಕಾಲವಾದನು. ಪೂರ್ವ ಯೂರೋಪಿನ ತನ್ನ ಜನರ ಧರ್ಮವಿದ್ಯಾಶಾಲೆಗಳಿಗೆ ತನ್ನ ಸಂಪತ್ತನ್ನು ಬರೆದಿಟ್ಟಿದ್ದನು.