ಹತ್ತು ಲಕ್ಷ ಪೌಂಡಿನ ಹುಡುಗ: ಅರ್ಧದಲ್ಲೇ ಸೋತ ಜಸ್ಟಿನ್ ಫಶಾನು

1980ರ ಫೆಬ್ರವರಿ 9. ಇಂಗ್ಲೆಂಡಿನ ನಾರಿಚ್ ಪಟ್ಟಣದ ಕ್ಯಾರೋ ರೋಡ್ ಮೈದಾನ. ಎದುರಿಗೆ ಲಿವರ್‌ಪೂಲ್, ಆ ಕಾಲಕ್ಕೆ ಯಾರೂ ಮುಟ್ಟೋಕಾಗದ ತಂಡ. ಗೋಲಿಗೆ ಬೆನ್ನು ಹಾಕಿ ನಿಂತಿದ್ದ ಎತ್ತರದ ಹುಡುಗನೊಬ್ಬನ ಕಾಲಿಗೆ ಚೆಂಡು ಬಂತು. ಬಲಗಾಲಲ್ಲಿ ಚೆಂಡನ್ನು ಮೇಲಕ್ಕೆ ಚಿಮ್ಮಿಸಿದ, ಗಿರ್ರನೆ ತಿರುಗಿದ, ಅದು ನೆಲಕ್ಕೆ ಬೀಳೋ ಮೊದಲೇ ಎಡಗಾಲಲ್ಲಿ ಬಾರಿಸಿದ. ಗೋಲ್‌ಕೀಪರ್ ರೇ ಕ್ಲೆಮೆನ್ಸ್ ಹಾರಿದರೂ ಸಿಗಲಿಲ್ಲ. ಹುಡುಗ ಕುಣಿಯಲಿಲ್ಲ, ಕೂಗಲಿಲ್ಲ. ಒಂದು ಬೆರಳು ಮೇಲೆತ್ತಿ ನಿಂತ, ಅಷ್ಟೆ.

ಆ ಪಂದ್ಯವನ್ನು ನಾರಿಚ್ 5-3ರಿಂದ ಸೋತಿತು. ಆದರೆ ಜನ ನೆನಪಿಟ್ಟುಕೊಂಡಿದ್ದು ಆ ಒಂದು ಗೋಲನ್ನು. ಬಿಬಿಸಿ ಅದನ್ನು ಆ ಸಾಲಿನ ಅತ್ಯುತ್ತಮ ಗೋಲು ಎಂದು ಆರಿಸಿತು. ಹುಡುಗನ ಹೆಸರು ಜಸ್ಟಿನ್ ಫಶಾನು. ಆಗ ಅವನಿಗಿನ್ನೂ 19 ತುಂಬಿರಲಿಲ್ಲ.

ಅನಾಥಾಲಯದಿಂದ ಮೈದಾನಕ್ಕೆ

ಜಸ್ಟಿನ್ ಹುಟ್ಟಿದ್ದು 1961ರ ಫೆಬ್ರವರಿ 19ರಂದು, ಲಂಡನ್ನಿನಲ್ಲಿ. ಅಪ್ಪ ನೈಜೀರಿಯಾದವರು, ವಕೀಲರು. ಅಮ್ಮ ಗಯಾನಾ ಮೂಲದವರು. ಇಬ್ಬರೂ ಬೇರೆಯಾದ ಮೇಲೆ ಜಸ್ಟಿನ್ ಮತ್ತು ತಮ್ಮ ಜಾನ್ ಬರ್ನಾರ್ಡೋಸ್ ಎಂಬ ಮಕ್ಕಳ ಆಶ್ರಯ ಸಂಸ್ಥೆಗೆ ಸೇರಬೇಕಾಯಿತು. ಅಲ್ಲಿಂದ ನಾರ್ಫೋಕ್ ಸೀಮೆಯ ಜಾಕ್ಸನ್ ದಂಪತಿ ಇಬ್ಬರನ್ನೂ ಮನೆಗೆ ಕರೆದುಕೊಂಡು ಹೋಗಿ ಸಾಕಿದರು. ಸುತ್ತಮುತ್ತ ಬರೀ ಬಿಳಿಯರೇ ಇದ್ದ ಹಳ್ಳಿ ಅದು.

ಹುಡುಗ ಗಟ್ಟಿಮುಟ್ಟಾಗಿ ಬೆಳೆದ. ಬಾಕ್ಸಿಂಗ್‌ನಲ್ಲೂ ಒಳ್ಳೆ ಕೈ. ಅದನ್ನೇ ಕಸುಬು ಮಾಡಿಕೊಳ್ಳೋ ಯೋಚನೆಯೂ ಇತ್ತು. ಕೊನೆಗೆ ಗೆದ್ದಿದ್ದು ಫುಟ್‌ಬಾಲ್. 1979ರ ಜನವರಿಯಲ್ಲಿ ನಾರಿಚ್ ಸಿಟಿ ಪರ ಮೊದಲ ಪಂದ್ಯ ಆಡಿದ. ಲೀಗ್‌ನ 90 ಪಂದ್ಯಗಳಲ್ಲಿ 35 ಗೋಲು. 21 ವರ್ಷದೊಳಗಿನವರ ಇಂಗ್ಲೆಂಡ್ ತಂಡಕ್ಕೂ ಆಡಿದ. ಇವನು ಇಂಗ್ಲೆಂಡಿನ ಹಿರಿಯರ ತಂಡಕ್ಕೆ ಬರೋದು ಇವತ್ತೋ ನಾಳೆಯೋ ಅನ್ನೋ ಮಾತು ಎಲ್ಲ ಕಡೆ ಇತ್ತು.

ಬೆಲೆ ಏರಿತು, ಆಟ ಇಳಿಯಿತು

1981ರ ಆಗಸ್ಟ್‌ನಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡ ಅವನನ್ನು 10 ಲಕ್ಷ ಪೌಂಡಿಗೆ ಕೊಂಡುಕೊಂಡಿತು. ಬ್ರಿಟನ್ನಿನಲ್ಲಿ ಅಷ್ಟು ಬೆಲೆ ಬಾಳಿದ ಮೊದಲ ಕಪ್ಪು ಆಟಗಾರ ಅವನೇ. ಫಾರೆಸ್ಟ್ ಅಂದರೆ ಸಣ್ಣ ತಂಡವಲ್ಲ. 1979 ಮತ್ತು 1980ರಲ್ಲಿ ಎರಡು ವರ್ಷ ಸತತವಾಗಿ ಯುರೋಪಿಯನ್ ಕಪ್ ಗೆದ್ದಿತ್ತು. ಅದನ್ನು ನಡೆಸುತ್ತಿದ್ದವರು ಬ್ರಿಯಾನ್ ಕ್ಲಫ್. ಮಹಾ ಬುದ್ಧಿವಂತ, ಅಷ್ಟೇ ಮುಂಗೋಪಿ.

ಅಲ್ಲಿ ಎಲ್ಲವೂ ಕೈ ಕೊಡ್ತು. ಗೋಲು ಬರಲಿಲ್ಲ. ಲೀಗ್‌ನ 32 ಪಂದ್ಯಗಳಲ್ಲಿ ಬರೀ 3. ಗ್ಯಾಲರಿಯಿಂದ ಬಣ್ಣದ ಬೈಗುಳ ಬೇರೆ. ಅದರ ಮೇಲೆ ಜಸ್ಟಿನ್ ಸಲಿಂಗಿ, ಊರಿನ ಸಲಿಂಗಿಗಳ ಕ್ಲಬ್ಬುಗಳಿಗೆ ಹೋಗುತ್ತಾನೆ ಎಂಬ ಸುದ್ದಿ ಕ್ಲಫ್ ಕಿವಿಗೆ ಬಿತ್ತು. ಕ್ಲಫ್ ಅವನನ್ನು ಅಭ್ಯಾಸಕ್ಕೇ ಬರಬೇಡ ಅಂದುಬಿಟ್ಟರು. ಆದರೂ ಬಂದಾಗ ಪೊಲೀಸರನ್ನು ಕರೆಸಿ ಹೊರಗೆ ಕಳಿಸಿದರು. ಹತ್ತು ಲಕ್ಷ ಕೊಟ್ಟು ತಂದ ಆಟಗಾರ ತನ್ನದೇ ಮೈದಾನದಿಂದ ಪೊಲೀಸರ ಜೊತೆ ಹೊರನಡೆದ. ತಾನು ನಡೆದುಕೊಂಡ ರೀತಿ ಸರಿ ಇರಲಿಲ್ಲ ಎಂದು ಕ್ಲಫ್ ಒಪ್ಪಿಕೊಂಡಿದ್ದು ಬಹಳ ವರ್ಷ ಕಳೆದ ಮೇಲೆ.

1982ರ ಕೊನೆಗೆ ನಾಟ್ಸ್ ಕೌಂಟಿ ತಂಡ ಅವನನ್ನು ಒಂದೂವರೆ ಲಕ್ಷ ಪೌಂಡಿಗೆ ಕೊಂಡಿತು. ಒಂದೂವರೆ ವರ್ಷದೊಳಗೆ ಬೆಲೆ ಆರರಲ್ಲಿ ಒಂದು ಪಾಲಿಗಿಂತಲೂ ಕೆಳಗೆ. ಅಲ್ಲಿ 64 ಲೀಗ್ ಪಂದ್ಯಗಳಲ್ಲಿ 20 ಗೋಲು ಹೊಡೆದು ಸ್ವಲ್ಪ ಚೇತರಿಸಿಕೊಂಡ. 1985ರಲ್ಲಿ ಬ್ರೈಟನ್‌ಗೆ ಹೋದ. ಅಷ್ಟರಲ್ಲಿ ಮೊಣಕಾಲು ಕೆಟ್ಟಿತು. ಚಿಕಿತ್ಸೆಗೆ ಅಂತ ಅಮೆರಿಕಕ್ಕೆ ಹೋದವನು ಅಲ್ಲಿ, ಕೆನಡಾದಲ್ಲಿ, ಮತ್ತೆ ಇಂಗ್ಲೆಂಡಿನಲ್ಲಿ, ಹೀಗೆ ಒಂದಾದ ಮೇಲೊಂದು ಕ್ಲಬ್ ಬದಲಿಸುತ್ತಾ ಹೋದ. ಎಲ್ಲೂ ಕಾಲೂರಲಿಲ್ಲ. ಇಂಗ್ಲೆಂಡಿನ ಹಿರಿಯರ ತಂಡದ ಅಂಗಿ ಅವನ ಮೈಮೇಲೆ ಬರಲೇ ಇಲ್ಲ. ಅತ್ತ ತಮ್ಮ ಜಾನ್ ವಿಂಬಲ್ಡನ್ ತಂಡದಲ್ಲಿ ಹೆಸರು ಮಾಡಿ, 1988ರಲ್ಲಿ ಎಫ್‌ಎ ಕಪ್ ಗೆದ್ದ. ಇಂಗ್ಲೆಂಡ್ ಅಂಗಿ ತೊಟ್ಟಿದ್ದೂ ಅವನೇ.

ಗುಟ್ಟು ಬಿಟ್ಟುಕೊಟ್ಟ ದಿನ

1990ರ ಅಕ್ಟೋಬರ್‌ನಲ್ಲಿ ಜಸ್ಟಿನ್ ತಾನು ಸಲಿಂಗಿ ಎಂದು ದಿ ಸನ್ ಪತ್ರಿಕೆಯಲ್ಲಿ ಬಹಿರಂಗವಾಗಿ ಹೇಳಿಕೊಂಡ. ವೃತ್ತಿಪರ ಫುಟ್‌ಬಾಲ್ ಆಡುತ್ತಿರುವಾಗಲೇ ಹೀಗೆ ಹೇಳಿದವರು ಅದುವರೆಗೆ ಬ್ರಿಟನ್ನಿನಲ್ಲಿ ಯಾರೂ ಇರಲಿಲ್ಲ. ಗ್ಯಾಲರಿಯಲ್ಲಿ ಗೇಲಿ ಜಾಸ್ತಿಯಾಯಿತು. ಕಪ್ಪು ಸಮುದಾಯದ ಪತ್ರಿಕೆಯಲ್ಲೂ ಟೀಕೆ ಬಂತು. ಎಲ್ಲಕ್ಕಿಂತ ನೋವು ಕೊಟ್ಟಿದ್ದು ಒಡಹುಟ್ಟಿದವನು. ಅನಾಥಾಲಯದಿಂದ ಜೊತೆಗೇ ಬೆಳೆದ ಜಾನ್ ಎಲ್ಲರೆದುರು ಅಣ್ಣನನ್ನು ದೂರ ಮಾಡಿದ. ಅದಕ್ಕಾಗಿ ಅವನು ಪಶ್ಚಾತ್ತಾಪ ಪಟ್ಟಾಗ ಕೇಳೋಕೆ ಅಣ್ಣನೇ ಇರಲಿಲ್ಲ.

ಜಸ್ಟಿನ್ ಕಡೆಯಿಂದಲೂ ತಪ್ಪುಗಳಾದವು. ದುಡ್ಡಿಗಾಗಿ ಪತ್ರಿಕೆಗಳಿಗೆ ಉತ್ಪ್ರೇಕ್ಷೆಯ ಕಥೆಗಳನ್ನು ಹೇಳಿದ. ರಾಜಕಾರಣಿಗಳ ಬಗ್ಗೆ ಸುದ್ದಿ ಮಾರಲು ಹೋಗಿ 1994ರಲ್ಲಿ ಸ್ಕಾಟ್ಲೆಂಡಿನ ಹಾರ್ಟ್ಸ್ ಕ್ಲಬ್ಬಿನ ಕೆಲಸ ಕಳೆದುಕೊಂಡ. ಆದರೂ ನಡುವೆ ಟಾರ್ಕೀ ಎಂಬ ಸಣ್ಣ ಕ್ಲಬ್ಬಿನಲ್ಲಿ ಒಂದಿಷ್ಟು ಕಾಲ ನೆಮ್ಮದಿಯಾಗಿ ಆಡಿದ, ಸಹಾಯಕ ಕೋಚ್ ಕೆಲಸವನ್ನೂ ಮಾಡಿದ.

1998ರಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಕೋಚ್ ಆಗಿದ್ದಾಗ 17 ವರ್ಷದ ಹುಡುಗನೊಬ್ಬ ಅವನ ಮೇಲೆ ಲೈಂಗಿಕ ದೌರ್ಜನ್ಯದ ದೂರು ಕೊಟ್ಟ. ಜಸ್ಟಿನ್ ಇಂಗ್ಲೆಂಡಿಗೆ ಮರಳಿದ. ಬರೆದಿಟ್ಟ ಪತ್ರದಲ್ಲಿ ಆರೋಪ ನಿರಾಕರಿಸಿದ್ದ, ನ್ಯಾಯ ಸಿಗುವ ನಂಬಿಕೆ ತನಗಿಲ್ಲ ಎಂದೂ ತಿಳಿಸಿದ್ದ. ಮೇ 3ರಂದು ಲಂಡನ್ನಿನ ಶೋರ್‌ಡಿಚ್‌ನಲ್ಲಿ ಅವನ ಶವ ಸಿಕ್ಕಿತು. ತಾನೇ ಜೀವ ಕಳೆದುಕೊಂಡಿದ್ದ. ವಯಸ್ಸು 37. ದೂರು ನ್ಯಾಯಾಲಯದ ಮೆಟ್ಟಿಲು ಹತ್ತಲೇ ಇಲ್ಲ. ಸತ್ಯ ಏನೆಂದು ಯಾವ ನ್ಯಾಯಾಧೀಶರೂ ಹೇಳಲಿಲ್ಲ.

ಆಮೇಲೆ

2020ರ ಫೆಬ್ರವರಿ 19ರಂದು, ಬದುಕಿದ್ದರೆ ಅವನಿಗೆ 59 ತುಂಬುತ್ತಿದ್ದ ದಿನ, ಇಂಗ್ಲೆಂಡಿನ ರಾಷ್ಟ್ರೀಯ ಫುಟ್‌ಬಾಲ್ ಮ್ಯೂಸಿಯಂ ಅವನ ಹೆಸರನ್ನು ಗೌರವ ಪಟ್ಟಿಗೆ ಸೇರಿಸಿತು. ಗೌರವ ಸ್ವೀಕರಿಸಿದ್ದು ಜಾನ್ ಮಗಳು ಅಮಲ್.

2022ರ ಮೇನಲ್ಲಿ ಬ್ಲ್ಯಾಕ್‌ಪೂಲ್ ತಂಡದ 17 ವರ್ಷದ ಜೇಕ್ ಡೇನಿಯಲ್ಸ್ ತಾನು ಸಲಿಂಗಿ ಎಂದು ಹೇಳಿಕೊಂಡ. ಈ ಸಲ ಕ್ಲಬ್ಬೂ ಸಹ ಆಟಗಾರರೂ ಅವನ ಬೆನ್ನಿಗೆ ನಿಂತರು. ಬ್ರಿಟನ್ನಿನ ಪುರುಷರ ವೃತ್ತಿಪರ ಫುಟ್‌ಬಾಲ್‌ನಲ್ಲಿ ಆಡುತ್ತಿರುವಾಗಲೇ ಇಂಥ ಮಾತು ಹೇಳಲು ಜಸ್ಟಿನ್ ನಂತರ ಇನ್ನೊಬ್ಬ ಬರೋಕೆ 31 ವರ್ಷ ಕಳೆದಿತ್ತು.