ಗಿರಿಪಥದ ಅಜ್ಜಿ

ಮುಪ್ಪು ಬಂದಿತೆಂದರೆ ಮನುಷ್ಯನು ಸಾಮಾನ್ಯವಾಗಿ ಮನೆಯ ಜಗಲಿಯನ್ನು ಆಶ್ರಯಿಸುತ್ತಾನೆ. ಮಕ್ಕಳು ದುಡಿಯುವವರಾದರು, ಮೊಮ್ಮಕ್ಕಳು ಆಡುವವರಾದರು, ಇನ್ನು ತನಗೆ ಉಳಿದಿರುವುದು ವಿಶ್ರಾಂತಿ ಒಂದೇ ಎಂದು ಭಾವಿಸುತ್ತಾನೆ. ಲೋಕವೂ ಹಾಗೆಯೇ ಭಾವಿಸುತ್ತದೆ. ಆದರೆ ಹನ್ನೊಂದು ಮಕ್ಕಳ ತಾಯಿಯೂ ಇಪ್ಪತ್ತಮೂರು ಮೊಮ್ಮಕ್ಕಳ ಅಜ್ಜಿಯೂ ಆದ ಒಬ್ಬ ಮಹಿಳೆ ತಮ್ಮ ಅರವತ್ತೇಳನೆಯ ವಯಸ್ಸಿನಲ್ಲಿ, ಕೈಯಲ್ಲಿ ಹೊಲಿದ ಒಂದು ಚೀಲವನ್ನು ಹೆಗಲಿಗೇರಿಸಿಕೊಂಡು, ಮೂರು ಸಾವಿರದ ಮುನ್ನೂರು ಕಿಲೋಮೀಟರು ಉದ್ದದ ಬೆಟ್ಟದ ಹಾದಿಯನ್ನು ಒಬ್ಬರೇ ನಡೆದು ಮುಗಿಸಿದರು. ಅವರೇ ಅಮೆರಿಕದ ಎಮ್ಮಾ ಗೇಟ್‌ವುಡ್. ಅವರ ದೇಶದ ಜನ ಅವರನ್ನು ಪ್ರೀತಿಯಿಂದ ಕರೆದದ್ದು ಗೇಟ್‌ವುಡ್ ಅಜ್ಜಿ ಎಂದು.

ಅಮೆರಿಕ ಸಂಯುಕ್ತ ಸಂಸ್ಥಾನದ ಪೂರ್ವ ಭಾಗದಲ್ಲಿ ಅಪಲಾಚಿಯನ್ ಎಂಬ ಪುರಾತನ ಪರ್ವತಶ್ರೇಣಿಯಿದೆ. ಆ ಶ್ರೇಣಿಯ ನೆತ್ತಿಯ ಮೇಲೆ ಕಾಲ್ನಡಿಗೆಯವರಿಗಾಗಿಯೇ ಒಂದು ಹಾದಿ ಇರಬೇಕೆಂದು ಬೆಂಟನ್ ಮೆಕೈ ಎಂಬವರು 1921ರಲ್ಲಿ ಸೂಚಿಸಿದರು. ಅನೇಕ ಸ್ವಯಂಸೇವಕರ ಶ್ರಮದಿಂದ 1937ರಲ್ಲಿ ಆ ಹಾದಿ ಪೂರ್ಣಗೊಂಡಿತು. ದಕ್ಷಿಣದ ಜಾರ್ಜಿಯದಿಂದ ಉತ್ತರದ ಮೇನ್ ರಾಜ್ಯದವರೆಗೆ ಹದಿನಾಲ್ಕು ರಾಜ್ಯಗಳನ್ನು ಅದು ಹಾದುಹೋಗುತ್ತದೆ. ಮರಗಳ ಮೇಲೆ ಬಳಿದ ಬಿಳಿಯ ಬಣ್ಣದ ಪಟ್ಟಿಗಳೇ ಅಲ್ಲಿ ದಾರಿ ತೋರುವ ಗುರುತುಗಳು. ದಟ್ಟವಾದ ಕಾಡು, ಕಡಿದಾದ ಬಂಡೆ, ಸೇತುವೆಯಿಲ್ಲದ ಹೊಳೆ ಇವೆಲ್ಲವನ್ನೂ ದಾಟಿದವನಿಗೆ ಮಾತ್ರ ಅದರ ಕೊನೆ ಕಾಣುತ್ತದೆ. ಹಾದಿಯನ್ನು ಒಂದೇ ಯಾತ್ರೆಯಲ್ಲಿ ಪೂರ್ತಿಯಾಗಿ ನಡೆದುದಾಗಿ ಮೊದಲು ತಿಳಿಸಿದವನು ಅರ್ಲ್ ಷೇಫರ್ ಎಂಬ ಮಾಜಿ ಯೋಧ. ಅದು 1948ರಲ್ಲಿ. ಮುಂದಿನ ಕೆಲವು ವರ್ಷಗಳಲ್ಲಿ ಬೆರಳೆಣಿಕೆಯ ಜನರಷ್ಟೇ ಆತನ ಹೆಜ್ಜೆಯಲ್ಲಿ ನಡೆದರು. ಒಂಟಿಯಾಗಿ ಅದನ್ನು ಮುಗಿಸಿದ ಮಹಿಳೆ ಒಬ್ಬರೂ ಇರಲಿಲ್ಲ.

ಎಮ್ಮಾ 1887ರ ಅಕ್ಟೋಬರ್ 25ರಂದು ಓಹಾಯೊ ರಾಜ್ಯದ ಗ್ಯಾಲಿಯಾ ಎಂಬ ಜಿಲ್ಲೆಯ ಬಡ ರೈತ ಕುಟುಂಬದಲ್ಲಿ ಜನಿಸಿದರು. ತಂದೆ ಅಂತರ್ಯುದ್ಧದಲ್ಲಿ ಹೋರಾಡಿ ಒಂದು ಕಾಲನ್ನು ಕಳೆದುಕೊಂಡವರು. ಮನೆಯಲ್ಲಿ ಹದಿನೈದು ಮಂದಿ ಮಕ್ಕಳು. ಒಂದೊಂದು ಹಾಸಿಗೆಯಲ್ಲಿ ನಾಲ್ವರು ಮಲಗುವ ಇಕ್ಕಟ್ಟು. ಹೊಲದ ಕೆಲಸ, ಮನೆಯ ಕೆಲಸಗಳ ನಡುವೆ ಶಾಲೆಗೆ ಹೋಗುವುದೇ ದುಸ್ತರವಾಗಿತ್ತು. ಎಂಟನೆಯ ತರಗತಿಗೆ ಅವರ ಶಿಕ್ಷಣ ನಿಂತಿತು. ಆದರೆ ಓದುವ ಹಂಬಲ ನಿಲ್ಲಲಿಲ್ಲ. ಸಿಕ್ಕಿದ ಪುಸ್ತಕಗಳನ್ನೆಲ್ಲ ಓದಿ ಅವರು ತಮಗೆ ತಾವೇ ಗುರುವಾದರು. ಗಿಡಮೂಲಿಕೆಗಳ ಪರಿಚಯವನ್ನೂ ಕಾಡಿನ ಸಹವಾಸವನ್ನೂ ಎಳವೆಯಲ್ಲಿಯೇ ಸಂಪಾದಿಸಿದರು. ಈ ಸಂಪಾದನೆ ಅರ್ಧ ಶತಮಾನದ ತರುವಾಯ ತಮ್ಮ ಪ್ರಾಣವನ್ನು ಕಾಯುವುದೆಂದು ಆಗ ಅವರು ಅರಿತಿರಲಾರರು.

ಹತ್ತೊಂಬತ್ತನೆಯ ವಯಸ್ಸಿನಲ್ಲಿ, 1907ರಲ್ಲಿ, ಅವರ ವಿವಾಹ ಪಿ. ಸಿ. ಗೇಟ್‌ವುಡ್ ಎಂಬವರೊಡನೆ ನಡೆಯಿತು. ಪತಿ ಮೊದಲು ಶಾಲಾ ಶಿಕ್ಷಕ, ಆಮೇಲೆ ಹೊಗೆಸೊಪ್ಪು ಬೆಳೆಯುವ ರೈತ. ಎಮ್ಮಾ ಬೇಲಿ ಕಟ್ಟಿದರು, ಸಿಮೆಂಟು ಕಲಸಿದರು, ಹೊಲದಲ್ಲಿ ಗಂಡಾಳಿನಂತೆ ದುಡಿದರು, ಹನ್ನೊಂದು ಮಕ್ಕಳನ್ನು ಹೆತ್ತು ಸಾಕಿದರು. ಇಷ್ಟಾದರೂ ಆ ಮನೆಯಲ್ಲಿ ಅವರಿಗೆ ದೊರೆತದ್ದು ಪೆಟ್ಟು. ಗಂಡನ ಕೋಪ ಎಂದು ಸಿಡಿಯುವುದೋ ಬಲ್ಲವರಿರಲಿಲ್ಲ. ಅಂತಹ ಹೊತ್ತಿನಲ್ಲಿ ಅವರು ಮನೆಯಿಂದ ಕಾಡಿಗೆ ಓಡಿಹೋಗುತ್ತಿದ್ದರು. ಮರಗಳ ನಡುವಣ ಮೌನದಲ್ಲಿ ಮನಸ್ಸನ್ನು ಸಮಾಧಾನಪಡಿಸಿಕೊಂಡು ಮಕ್ಕಳಿಗಾಗಿ ಮರಳುತ್ತಿದ್ದರು. 1939ರಲ್ಲಿ ಒಂದು ದಿನ ಜಗಳ ಮಿತಿಮೀರಿತು. ಅಂದು ಸೆರೆಮನೆಗೆ ಹೋದವರು ಏಟು ಕೊಟ್ಟ ಗಂಡನಲ್ಲ, ಏಟು ತಿಂದ ಎಮ್ಮಾ! ಊರಿನ ಮೇಯರ್ ಅವರ ಮುರಿದ ಹಲ್ಲನ್ನೂ ಬಾತುಕೊಂಡ ಮುಖವನ್ನೂ ಕಂಡು ಮರುಗಿ ತಮ್ಮ ಮನೆಯಲ್ಲಿ ಆಶ್ರಯ ನೀಡಿದರು. ವಿಚ್ಛೇದನವೆಂಬುದು ಅಪಕೀರ್ತಿಯೆಂದು ಭಾವಿಸುತ್ತಿದ್ದ ಕಾಲ ಅದು. ಆದರೂ ಎಮ್ಮಾ ನ್ಯಾಯಾಲಯದ ಮೆಟ್ಟಿಲೇರಿ 1941ರಲ್ಲಿ ಆ ಬಂಧನದಿಂದ ಬಿಡುಗಡೆ ಪಡೆದರು. ಆಗ ಅವರ ವಯಸ್ಸು ಐವತ್ತಮೂರು.

ಕಾಲ ಸರಿಯಿತು. ಕಿರಿಯ ಮಕ್ಕಳೂ ಬೆಳೆದು ತಮ್ಮ ತಮ್ಮ ದಾರಿ ಹಿಡಿದರು. ಒಂದು ದಿನ ಹಳೆಯ ಪತ್ರಿಕೆಯೊಂದರಲ್ಲಿ ಅಪಲಾಚಿಯನ್ ಹಾದಿಯ ವಿಷಯವಾಗಿ ಪ್ರಕಟವಾಗಿದ್ದ ಸಚಿತ್ರ ಲೇಖನ ಎಮ್ಮಾ ಅವರ ಕಣ್ಣಿಗೆ ಬಿದ್ದಿತು. ಹಾದಿ ಸುಗಮವಾಗಿದೆ, ಗುರುತುಗಳು ಸ್ಪಷ್ಟವಾಗಿವೆ, ಒಂದೊಂದು ದಿನದ ನಡಿಗೆಗೆ ಒಂದೊಂದು ತಂಗುದಾಣವಿದೆ, ಆರೋಗ್ಯವುಳ್ಳ ಯಾರೇ ಆಗಲಿ ನಡೆಯಬಹುದು ಎಂಬುದು ಆ ಲೇಖನದ ಸಾರಾಂಶ. ಅದನ್ನು ಓದಿದ ಎಮ್ಮಾ ಅವರ ಮನಸ್ಸಿನಲ್ಲಿ ಬೀಜವೊಂದು ಬಿದ್ದಿತು. ಮಹಿಳೆಯೊಬ್ಬಳು ಒಂಟಿಯಾಗಿ ಮಾಡದ ಈ ಕಾರ್ಯವನ್ನು ತಾವೇಕೆ ಮಾಡಬಾರದು?

1954ರ ಬೇಸಗೆಯಲ್ಲಿ ಅವರು ಯಾರಿಗೂ ತಿಳಿಸದೆ ಮೇನ್ ರಾಜ್ಯಕ್ಕೆ ಹೋದರು. ಹಾದಿಯ ಉತ್ತರದ ತುದಿಯಾದ ಕಟಾಡಿನ್ ಪರ್ವತದಿಂದ ನಡಿಗೆ ಆರಂಭವಾಯಿತು. ಆದರೆ ಕೆಲವೇ ದಿನಗಳಲ್ಲಿ ಕಾಡಿನ ನಡುವೆ ದಾರಿ ತಪ್ಪಿತು. ಕನ್ನಡಕ ಒಡೆಯಿತು. ತಂದಿದ್ದ ಆಹಾರ ತೀರಿತು. ಹೇಗೋ ಅರಣ್ಯ ರಕ್ಷಕರನ್ನು ಕೂಡಿಕೊಂಡಾಗ, ಅವರು ಈ ಮುದುಕಿಯನ್ನು ಕಂಡು ಮನೆಗೆ ಹಿಂತಿರುಗುವಂತೆ ಬುದ್ಧಿ ಹೇಳಿದರು. ಎಮ್ಮಾ ಹಿಂತಿರುಗಿದರು. ಆ ಸೋಲನ್ನು ಯಾರ ಮುಂದೆಯೂ ತೋಡಿಕೊಳ್ಳಲಿಲ್ಲ.

ಸೋಲು ಕೆಲವರ ಕಾಲನ್ನು ಕಟ್ಟಿಹಾಕುತ್ತದೆ, ಕೆಲವರಿಗೆ ಪಾಠ ಹೇಳುತ್ತದೆ. ಎಮ್ಮಾ ಎರಡನೆಯ ವರ್ಗಕ್ಕೆ ಸೇರಿದವರು. ಮರುವರ್ಷದ ಆರಂಭದಲ್ಲಿ ಅವರು ಮಗನ ಮನೆಯಲ್ಲಿದ್ದರು. ಪ್ರತಿದಿನವೂ ಮನೆಯ ಸುತ್ತಣ ಬೀದಿಗಳಲ್ಲಿ ನಡೆಯತೊಡಗಿದರು. ಇಂದು ನಡೆದುದಕ್ಕಿಂತ ನಾಳೆ ತುಸು ಹೆಚ್ಚು, ನಾಳೆಗಿಂತ ನಾಡಿದ್ದು ಇನ್ನಷ್ಟು ಎಂದು ಅಭ್ಯಾಸ ಬೆಳೆಸಿ, ಏಪ್ರಿಲ್ ತಿಂಗಳ ಹೊತ್ತಿಗೆ ದಿನಕ್ಕೆ ಹತ್ತು ಮೈಲಿ ನಡೆಯುವ ಶಕ್ತಿಯನ್ನು ಗಳಿಸಿದರು. ಈ ಸಲ ದಕ್ಷಿಣದ ತುದಿಯಿಂದ ಹೊರಡಲು ನಿರ್ಧರಿಸಿದರು. ಮನೆಯವರಿಗೆ ತಿಳಿಸಿದ್ದು ಇಷ್ಟೇ: ತಾವು ಸ್ವಲ್ಪ ನಡೆದಾಡಿ ಬರುವುದಾಗಿ!

1955ರ ಮೇ 3ರಂದು ಜಾರ್ಜಿಯದ ಓಗಲ್‌ಥಾರ್ಪ್ ಪರ್ವತದಿಂದ ಅವರ ಮಹಾಯಾತ್ರೆ ಪ್ರಾರಂಭವಾಯಿತು. ಪರ್ವತಯಾತ್ರಿಕರು ಹೊರುವ ಸಜ್ಜುಗಳಾವುವೂ ಅವರಲ್ಲಿರಲಿಲ್ಲ. ಡೇರೆಯಿಲ್ಲ, ಮಲಗುಚೀಲವಿಲ್ಲ, ನಕ್ಷೆಯಿಲ್ಲ. ಕಾಲಿಗೆ ಸಾಧಾರಣವಾದ ಕ್ಯಾನ್ವಾಸ್ ಷೂ. ಹೆಗಲಿಗೆ ದಪ್ಪ ಬಟ್ಟೆಯಲ್ಲಿ ತಾವೇ ಹೊಲಿದ ಚೀಲ. ಅದರೊಳಗೆ ಒಂದು ಕಂಬಳಿ, ಮಳೆ ಅಂಗಿ, ಸ್ನಾನದ ಮನೆಗೆ ಕಟ್ಟುವ ಪ್ಲಾಸ್ಟಿಕ್ ಪರದೆ, ಬ್ಯಾಟರಿ ದೀಪ, ಚಾಕು, ಗಾಯಕ್ಕೆ ಹಚ್ಚುವ ಅಯೋಡಿನ್, ಒಣದ್ರಾಕ್ಷಿ, ಕಡಲೆಕಾಯಿ ಬೀಜ, ಹಾಲಿನ ಪುಡಿ, ಡಬ್ಬಿಯಲ್ಲಿ ತುಂಬಿದ ಮಾಂಸ, ದಿನಚರಿ ಬರೆಯಲು ಒಂದು ಪುಟ್ಟ ಪುಸ್ತಕ. ಎಲ್ಲವೂ ಸೇರಿ ಒಂಬತ್ತು ಕಿಲೋಗ್ರಾಮಿಗೆ ಮೀರದ ಭಾರ. ಹೊರೆ ಹಗುರವಾದಷ್ಟೂ ಹೆಜ್ಜೆ ಹಗುರ ಎಂಬುದನ್ನು ಅವರು ಅನುಭವದಿಂದ ಅರಿತಿದ್ದರು. ಮಳೆ ಬಂದಾಗ ಪ್ಲಾಸ್ಟಿಕ್ ಪರದೆಯೇ ಸೂರು. ಚಳಿ ಕೊರೆವ ರಾತ್ರಿಗಳಲ್ಲಿ ಕಲ್ಲುಗಳನ್ನು ಬೆಂಕಿಯಲ್ಲಿ ಕಾಯಿಸಿ, ಅವುಗಳ ಮೇಲೆ ಮಲಗಿ ಮೈ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಹಸಿವಾದಾಗ ಎಳವೆಯಲ್ಲಿ ಗುರುತಿಸಲು ಕಲಿತ ಸೊಪ್ಪು, ಕಾಡು ಹಣ್ಣುಗಳು ಒದಗಿದವು.

ಹಾದಿ ಮಾತ್ರ ಲೇಖನದಲ್ಲಿ ಬಣ್ಣಿಸಿದಂತೆ ಇರಲಿಲ್ಲ. ಕೆಲವೆಡೆ ಬಿದ್ದ ಮರಗಳು ದಾರಿಗೆ ಅಡ್ಡವಾಗಿದ್ದವು. ಕೆಲವೆಡೆ ಗುರುತುಗಳು ಮಾಸಿಹೋಗಿದ್ದವು. ತಂಗುದಾಣಗಳಲ್ಲಿ ಕೆಲವು ಸುಟ್ಟುಹೋಗಿದ್ದವು, ಕೆಲವು ಕುಸಿದಿದ್ದವು. ಬಾಲದಿಂದ ಗಿಲಕಿಯಂತೆ ಸದ್ದು ಮಾಡುವ ವಿಷಸರ್ಪಗಳು ಎದುರಾದವು. ದಿನದ ಕೊನೆಯಲ್ಲಿ ಅವರು ಹಾದಿ ಬದಿಯ ಮನೆಗಳ ಬಾಗಿಲು ತಟ್ಟುತ್ತಿದ್ದರು. ಕೆಲವು ಬಾಗಿಲುಗಳು ಅಪರಿಚಿತ ಮುದುಕಿಗೆ ತೆರೆಯಲಿಲ್ಲ. ಅಂದು ಎಲೆಗಳ ರಾಶಿಯೇ ಹಾಸಿಗೆಯಾಯಿತು. ಹಲವು ಬಾಗಿಲುಗಳು ಆದರದಿಂದ ತೆರೆದವು. ಕಡುಬಡವರೂ ತಮ್ಮಲ್ಲಿದ್ದುದನ್ನು ಅವರೊಡನೆ ಹಂಚಿಕೊಂಡು ಉಂಡರು.

ವರ್ಜೀನಿಯ ರಾಜ್ಯವನ್ನು ಹಾಯುವಾಗ ಪತ್ರಕರ್ತರಿಗೆ ಈ ಯಾತ್ರೆಯ ಸುಳಿವು ಸಿಕ್ಕಿತು. ಊರೂರಿನ ಪತ್ರಿಕೆಗಳಲ್ಲಿ ಗೇಟ್‌ವುಡ್ ಅಜ್ಜಿಯ ಚಿತ್ರ ಪ್ರಕಟವಾಯಿತು. ಈ ಪ್ರಸಿದ್ಧಿ ಅವರನ್ನು ಹಿಗ್ಗಿಸಲಿಲ್ಲ. ಪ್ರಶ್ನೆಗಳಿಗೆ ಚುಟುಕಾಗಿ ಉತ್ತರ ಹೇಳಿ, ಬೆಳಗಾಗುತ್ತಲೇ ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದರು. ಸಂಸಾರದ ವಿಷಯ ಕೇಳಿದವರಿಗೆ ತಾವು ವಿಧವೆಯೆಂದು ಹೇಳಿ ಮಾತು ಮುಗಿಸುತ್ತಿದ್ದರು. ತಮ್ಮ ಹಳೆಯ ನೋವನ್ನು ಹೇಳಿಕೊಂಡು ಯಾರ ಕನಿಕರವನ್ನೂ ಬೇಡಲಿಲ್ಲ.

ಆಗಸ್ಟ್ ತಿಂಗಳಲ್ಲಿ ಕಾನಿ, ಡಯಾನ್ ಎಂಬ ಎರಡು ಚಂಡಮಾರುತಗಳು ಒಂದರ ಹಿಂದೆ ಒಂದು ಪೂರ್ವ ಕರಾವಳಿಗೆ ಅಪ್ಪಳಿಸಿದವು. ಮಹಾಪೂರದಲ್ಲಿ ನೂರಾರು ಜನ ಪ್ರಾಣ ಕಳೆದುಕೊಂಡರು. ಬೆಟ್ಟದ ತೊರೆಗಳೆಲ್ಲ ಹುಚ್ಚು ಹೊಳೆಗಳಾದವು. ವರ್ಮಾಂಟ್ ರಾಜ್ಯದಲ್ಲಿ ಕಮರಿಯೊಂದರ ಸೇತುವೆ ಕೊಚ್ಚಿಹೋಗಿತ್ತು. ಎಮ್ಮಾ ಅವರಿಗೆ ಈಜು ಬಾರದು. ನೌಕಾಪಡೆಯಲ್ಲಿ ಸೇವೆ ಸಲ್ಲಿಸಿದ್ದ ಇಬ್ಬರು ತರುಣರು ಅದೇ ಹಾದಿಯಲ್ಲಿ ಬರುತ್ತಿದ್ದರು. ಅವರು ಅಜ್ಜಿಯನ್ನು ತಮ್ಮಿಬ್ಬರ ನಡುವೆ ಹಗ್ಗದಿಂದ ಬಿಗಿದುಕೊಂಡು ಹೊಳೆ ದಾಟಿಸಿದರು. ಸ್ವಾವಲಂಬಿಯಾದವರು ಸಹಾಯವನ್ನು ತಿರಸ್ಕರಿಸಬೇಕೆಂದಿಲ್ಲ. ತಮ್ಮ ಶಕ್ತಿಯ ಎಲ್ಲೆಯನ್ನು ಅರಿತು ನೆರವನ್ನು ಸ್ವೀಕರಿಸುವುದೂ ವಿವೇಕವೇ.

ಮೇನ್ ರಾಜ್ಯವನ್ನು ಮುಟ್ಟುವಷ್ಟರಲ್ಲಿ ಅವರ ದೇಹ ಬಹಳವಾಗಿ ಬಳಲಿತ್ತು. ಷೂಗಳು ಒಂದರ ನಂತರ ಒಂದು ಸವೆದು ಆರೇಳು ಜೊತೆ ಮುಗಿದಿದ್ದವು. ಮಂಡಿ ಊದಿತ್ತು. ಹಿಂದಿನ ವರ್ಷದಂತೆ ಈ ಸಲವೂ ಕನ್ನಡಕ ಒಡೆಯಿತು. ಆದರೆ ಈ ಸಲ ಅವರು ಹಿಂತಿರುಗಲಿಲ್ಲ. 1955ರ ಸೆಪ್ಟೆಂಬರ್ 25ರಂದು, ಹೊರಟ ನೂರ ನಲವತ್ತಾರನೆಯ ದಿನ, 1600 ಮೀಟರ್ ಎತ್ತರದ ಕಟಾಡಿನ್ ಶಿಖರವನ್ನು ಏರಿ ನಿಂತರು. ಬೀಸುವ ಚಳಿಗಾಳಿಯಲ್ಲಿ ಅಲ್ಲಿನ ಪುಸ್ತಕದಲ್ಲಿ ತಮ್ಮ ಹೆಸರು ಬರೆದು, ನಾಡಿನ ಚೆಲುವನ್ನು ಕೊಂಡಾಡುವ ಗೀತೆಯೊಂದರ ಮೊದಲ ಚರಣವನ್ನು ಹಾಡಿದರು. ಕೇಳಲು ಅಲ್ಲಿ ಯಾರೂ ಇರಲಿಲ್ಲ. ದಿನಕ್ಕೆ ಸರಾಸರಿ ಹದಿನಾಲ್ಕು ಮೈಲಿಯಂತೆ 2050 ಮೈಲಿಗಳನ್ನು ಅವರು ನಡೆದಿದ್ದರು. ಆ ಹಾದಿಯನ್ನು ಒಂದೇ ಯಾತ್ರೆಯಲ್ಲಿ ಒಂಟಿಯಾಗಿ ನಡೆದು ಮುಗಿಸಿದ ಪ್ರಥಮ ಮಹಿಳೆ ಎಂಬ ಕೀರ್ತಿ ಅವರದಾಯಿತು.

ಊರಿಗೆ ಮರಳಿದ ಎಮ್ಮಾ ಹಾದಿಯ ದುಃಸ್ಥಿತಿಯನ್ನು ಮುಚ್ಚಿಡಲಿಲ್ಲ. ಮುಳ್ಳು ಬೆಳೆದ ದಾರಿ, ಮಾಸಿದ ಗುರುತು, ಹಾಳುಬಿದ್ದ ತಂಗುದಾಣಗಳ ವಿಷಯವನ್ನು ಪತ್ರಿಕೆಗಳ ಮೂಲಕ ನೇರವಾಗಿ ತಿಳಿಸಿದರು. ಅಜ್ಜಿಯ ದೂರು ಹಲವರನ್ನು ನಾಚಿಸಿತು. ಹಾದಿಯ ದುರಸ್ತಿಯ ಕಡೆಗೆ ಜನರ ಗಮನ ಹರಿಯಿತು, ಅದರಲ್ಲಿ ನಡೆಯುವವರ ಸಂಖ್ಯೆಯೂ ಬೆಳೆಯಿತು. 1968ರಲ್ಲಿ ಸರ್ಕಾರವು ಶಾಸನದ ಮೂಲಕ ಅದನ್ನು ರಾಷ್ಟ್ರೀಯ ಪಥವೆಂದು ಅಂಗೀಕರಿಸಿತು.

ಒಮ್ಮೆ ಗೆದ್ದದ್ದೇ ಸಾಕೆಂದು ಎಮ್ಮಾ ಕುಳಿತುಕೊಳ್ಳಲಿಲ್ಲ. 1957ರಲ್ಲಿ ಅದೇ ಹಾದಿಯನ್ನು ಮತ್ತೊಮ್ಮೆ ನಡೆದರು. 1959ರಲ್ಲಿ, ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಹಿಂದೆ ವಲಸೆಗಾರರು ಬಂಡಿ ಕಟ್ಟಿಕೊಂಡು ಪಶ್ಚಿಮಕ್ಕೆ ಹೋದ ದಾರಿಯಲ್ಲಿ, ಮಿಸೌರಿ ರಾಜ್ಯದ ಇಂಡಿಪೆಂಡೆನ್ಸ್ ಪಟ್ಟಣದಿಂದ ಆರೆಗಾನ್ ರಾಜ್ಯದ ಪೋರ್ಟ್‌ಲೆಂಡ್ ನಗರಕ್ಕೆ ಸುಮಾರು 2000 ಮೈಲಿ ನಡೆದರು. 1964ರಲ್ಲಿ ಅಪಲಾಚಿಯನ್ ಹಾದಿಯನ್ನು ಭಾಗ ಭಾಗವಾಗಿ ಮೂರನೆಯ ಬಾರಿ ಪೂರೈಸಿದರು. ಗಂಡಸರಾಗಲಿ ಹೆಂಗಸರಾಗಲಿ, ಅದನ್ನು ಮೂರು ಬಾರಿ ನಡೆದವರಲ್ಲಿ ಅವರೇ ಮೊದಲಿಗರು. ಕೊನೆಗಾಲದಲ್ಲಿ ತಮ್ಮ ಓಹಾಯೊ ರಾಜ್ಯದಲ್ಲಿ ಬಕೈ ಎಂಬ ಕಾಲುಹಾದಿಯನ್ನು ರೂಪಿಸುವ ಕಾರ್ಯದಲ್ಲಿ ತೊಡಗಿ, ಪೊದೆ ಸವರಿ, ಮರಗಳಿಗೆ ಗುರುತು ಬಳಿದರು. ಇತರರ ಹಾದಿಯಲ್ಲಿ ನಡೆದವರು ಈಗ ಇತರರಿಗೆ ಹಾದಿ ಮಾಡಿಕೊಟ್ಟರು.

1973ರ ಜೂನ್ 4ರಂದು, ತಮ್ಮ ಎಂಬತ್ತೈದನೆಯ ವಯಸ್ಸಿನಲ್ಲಿ, ಎಮ್ಮಾ ಗೇಟ್‌ವುಡ್ ನಿಧನರಾದರು. ಅವರು ಬಾಳಿನಲ್ಲಿ ಅನುಭವಿಸಿದ ಹಿಂಸೆ ಲೋಕಕ್ಕೆ ವಿವರವಾಗಿ ತಿಳಿದದ್ದು ಬಹುಕಾಲದ ಮೇಲೆ, 2014ರಲ್ಲಿ ಪ್ರಕಟವಾದ ಅವರ ಜೀವನ ಚರಿತ್ರೆಯಿಂದ. ಅದನ್ನು ತಿಳಿದ ಮೇಲೆ ಅವರ ಯಾತ್ರೆಯ ಅರ್ಥವೂ ಹಿರಿದಾಗಿ ಕಾಣುತ್ತದೆ. ಮೂರು ದಶಕಗಳ ಕಾಲ ಮತ್ತೊಬ್ಬರ ಕೋಪಕ್ಕೆ ಹೆದರಿ ಕಾಡಿಗೆ ಓಡುತ್ತಿದ್ದ ಹೆಣ್ಣು, ಕೊನೆಗೆ ಯಾರ ಅಪ್ಪಣೆಯನ್ನೂ ಕೇಳದೆ, ತನ್ನ ಇಚ್ಛೆಯಿಂದಲೇ ಅದೇ ಕಾಡನ್ನು ಹೊಕ್ಕಳು. ಅಂದು ಮರೆಯಾಗಿದ್ದ ಮರಗಳು ಇಂದು ದಾರಿ ತೋರಿದವು.

ಅವರಿಗೆ ಧನಬಲವಿರಲಿಲ್ಲ, ತಾರುಣ್ಯವಿರಲಿಲ್ಲ, ಉತ್ತಮವಾದ ಸಲಕರಣೆಗಳೂ ಇರಲಿಲ್ಲ. ಮನೆಯ ಸುತ್ತಣ ಬೀದಿಯಲ್ಲಿ ಮೊದಲ ದಿನ ನಡೆದ ಕೆಲವು ಹೆಜ್ಜೆಗಳೇ ಅವರ ಬಂಡವಾಳ. ಆ ಹೆಜ್ಜೆಗಳಿಗೆ ದಿನವೂ ಒಂದಿಷ್ಟು ಹೆಜ್ಜೆ ಕೂಡಿಸಿಯೇ ಅವರು ಕಟಾಡಿನ್ ಶಿಖರವನ್ನು ಮುಟ್ಟಿದರು.