ಮಕ್ಕಳಿಗೆ ಮುಖವನ್ನು ಮರಳಿಸಿದ ವೈದ್ಯ – ಡಾ. ಪಾಲ್ ಟೆಸ್ಸಿಯೆ

ಸೀಳುತುಟಿಯ ಮಕ್ಕಳನ್ನು ನಾವೆಲ್ಲರೂ ಕಂಡಿದ್ದೇವೆ. ಆದರೆ ತುಟಿಯಲ್ಲಿ ಆರಂಭವಾದ ಸೀಳು ಕೆನ್ನೆಯನ್ನು ಹಾದು ಕಣ್ಣಿನ ಕೆಳರೆಪ್ಪೆಯನ್ನು ತಲುಪುವ, ಕೆಲವೊಮ್ಮೆ ಹಣೆಯ ಎಲುಬನ್ನೂ ಭೇದಿಸುವ ಅತಿ ವಿರಳವಾದ ಜನ್ಮಜಾತ ನ್ಯೂನತೆಯೂ ಇದೆ. ಇಂತಹ ಶಿಶುಗಳಿಗೂ ಚಿಕಿತ್ಸೆ ಸಾಧ್ಯವೆಂದು ತೋರಿಸಿಕೊಟ್ಟ ಮಹನೀಯರು ಫ್ರಾನ್ಸ್ ದೇಶದ ಡಾ. ಪಾಲ್ ಟೆಸ್ಸಿಯೆ.

ಟೆಸ್ಸಿಯೆ ಅವರು 1917ರಲ್ಲಿ ನಾಂತ್ ನಗರದ ಸಮೀಪದ ಎರಿಕ್ ಎಂಬ ಹಳ್ಳಿಯಲ್ಲಿ ಜನಿಸಿದರು. ನಾಂತ್‌ನಲ್ಲಿಯೇ ವೈದ್ಯಕೀಯ ವ್ಯಾಸಂಗ ನಡೆಸಿದರು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಸೆರೆಯಾಳಾಗಿ, ತೀವ್ರ ಅನಾರೋಗ್ಯಕ್ಕೆ ತುತ್ತಾಗಿ ಬಿಡುಗಡೆ ಹೊಂದಿದರು. 1943ರ ಬಾಂಬ್ ದಾಳಿಯಲ್ಲಿ ನಾಂತ್‌ನ ಆಸ್ಪತ್ರೆ ನೆಲಸಮವಾದ ಬಳಿಕ ಪ್ಯಾರಿಸ್ಸಿಗೆ ತೆರಳಿ, ಮುಂದೆ ಅಲ್ಲಿನ ಫೋಶ್ ಆಸ್ಪತ್ರೆಯನ್ನು ತಮ್ಮ ಕರ್ಮಭೂಮಿಯಾಗಿಸಿಕೊಂಡರು.

1957ರಲ್ಲಿ ಅವರ ಬಳಿಗೆ ಯುವಕನೊಬ್ಬ ಬಂದ. ಹುಟ್ಟಿನಿಂದಲೇ ಅವನ ಮುಖದ ನಡುಭಾಗ ಬೆಳೆಯದೆ ಒಳಸರಿದಿತ್ತು, ಕಣ್ಣುಗಳು ಹೊರಚಾಚಿದ್ದವು. ಹಿಂದೆ ಇಂಗ್ಲೆಂಡಿನ ಸರ್ ಹೆರಾಲ್ಡ್ ಗಿಲ್ಲಿಸ್ ಅವರು ಇಂತಹ ಮುಖದ ಎಲುಬುಗಳನ್ನು ಕತ್ತರಿಸಿ ಮುಂದಕ್ಕೆ ತಂದಿದ್ದರಾದರೂ ಅವು ಕ್ರಮೇಣ ಹಿಂದೆ ಸರಿದಿದ್ದವು. ಟೆಸ್ಸಿಯೆ ಆತುರಪಡಲಿಲ್ಲ. ಹಗಲೆಲ್ಲ ಪ್ಯಾರಿಸ್ಸಿನಲ್ಲಿ ದುಡಿದು, ಸಂಜೆಯ ರೈಲು ಹಿಡಿದು ನಾಂತ್‌ಗೆ ಹೋಗಿ, ಮೃತದೇಹಗಳ ಮೇಲೆ ಕತ್ತರಿಸುವ ಮಾರ್ಗಗಳನ್ನು ಅಭ್ಯಾಸ ಮಾಡಿದರು. ಆನಂತರವೇ ಶಸ್ತ್ರಚಿಕಿತ್ಸೆಗೆ ಕೈಯಿಟ್ಟು, ಎಲುಬುಗಳ ನಡುವಿನ ತೆರವುಗಳಲ್ಲಿ ಬೇರೆಡೆಯಿಂದ ತೆಗೆದ ಎಲುಬನ್ನು ಕಸಿ ಮಾಡಿದರು. ಮುಖವು ಮುಂದಕ್ಕೆ ಬಂದು ಸ್ಥಿರವಾಗಿ ನಿಂತಿತು.

ಇದಕ್ಕಿಂತಲೂ ಕಠಿಣವಾದುದು ಎರಡು ಕಣ್ಣುಗಳು ಬಹಳ ದೂರ ಸರಿದಿರುವ ಮಕ್ಕಳ ಸಮಸ್ಯೆ. ಕಣ್ಣಿನ ಗೂಡುಗಳನ್ನೇ ಹತ್ತಿರಕ್ಕೆ ತರಬೇಕಾದರೆ ತಲೆಬುರುಡೆಯನ್ನು ತೆರೆಯಬೇಕು. ಮೂಗಿನ ಸೋಂಕು ಮಿದುಳಿಗೆ ತಗುಲಿದರೆ ಮಗುವಿನ ಪ್ರಾಣಕ್ಕೇ ಸಂಚಕಾರ. ಆ ಭಯದಿಂದ ವೈದ್ಯಲೋಕ ಈ ಗಡಿಯನ್ನು ದಾಟುತ್ತಿರಲಿಲ್ಲ. ಟೆಸ್ಸಿಯೆ ನರಶಸ್ತ್ರಚಿಕಿತ್ಸಕ ಜೆರಾರ್ ಗಿಯೊ ಅವರ ನೆರವಿನೊಂದಿಗೆ ಅದನ್ನು ದಾಟಿದರು. 1967ರಲ್ಲಿ ರೋಮ್‌ನ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ತಮ್ಮ ಫಲಿತಾಂಶಗಳನ್ನು ಮಂಡಿಸಿದಾಗ ಸಭೆ ಬೆರಗಾಯಿತು. ಆದರೂ ಅವರು ಹಿಗ್ಗಲಿಲ್ಲ. ಹಲವು ದೇಶಗಳ ತಜ್ಞರನ್ನು ಫೋಶ್ ಆಸ್ಪತ್ರೆಗೆ ಆಹ್ವಾನಿಸಿ, ರೋಗಿಗಳನ್ನೂ ಶಸ್ತ್ರಚಿಕಿತ್ಸೆಯನ್ನೂ ಕಣ್ಣಾರೆ ತೋರಿಸಿ, ಈ ಕಾರ್ಯವನ್ನು ಮುಂದುವರಿಸಬೇಕೇ ಬೇಡವೇ ಎಂಬ ತೀರ್ಪನ್ನು ಅವರಿಗೇ ಬಿಟ್ಟರು. ಮುಂದುವರಿಸಬೇಕೆಂಬುದೇ ಅವರೆಲ್ಲರ ಅಭಿಪ್ರಾಯವಾಯಿತು.

1976ರಲ್ಲಿ ಟೆಸ್ಸಿಯೆ ಮುಖದ ವಿರಳ ಸೀಳುಗಳಿಗೆ 0ಯಿಂದ 14ರವರೆಗೆ ಸಂಖ್ಯೆಗಳನ್ನು ನೀಡಿದರು. ಕಣ್ಣಿನ ಗೂಡೇ ಇದರ ಕೇಂದ್ರ. ಕೆಳಗಿನ ಸೀಳು ಮೇಲಕ್ಕೂ ಮುಂದುವರಿದಾಗ ಎರಡರ ಸಂಖ್ಯೆಗಳ ಮೊತ್ತ 14 ಆಗುತ್ತದೆ: 3ಕ್ಕೆ 11, 4ಕ್ಕೆ 10. ಹೊರಗೆ ಚರ್ಮದಲ್ಲಿ ಕಾಣುವ ಸೀಳಿಗೂ ಒಳಗಿನ ಎಲುಬಿನ ಸೀಳಿಗೂ ಇರುವ ಸಂಬಂಧವನ್ನು ಈ ಕ್ರಮ ಸ್ಪಷ್ಟಪಡಿಸಿತು. ಚರ್ಮವನ್ನಷ್ಟೇ ಹೊಲಿದರೆ ಸಾಲದು, ಅಡಿಯ ಎಲುಬನ್ನೂ ಕಟ್ಟಬೇಕೆಂಬ ತಿಳಿವಳಿಕೆ ಇದರಿಂದ ದೃಢವಾಯಿತು. ಮಗು ಬೆಳೆದಂತೆ ಮುಖವೂ ಬೆಳೆಯುವುದರಿಂದ ಚಿಕಿತ್ಸೆ ಹಲವು ವರ್ಷ, ಹಲವು ಹಂತಗಳಲ್ಲಿ ಸಾಗುತ್ತದೆ.

ನಮ್ಮಲ್ಲಿ ಇಂದಿಗೂ ಅನೇಕರು ಇಂತಹ ಸೀಳಿಗೆ ಗ್ರಹಣವನ್ನು ಕಾರಣವಾಗಿಸಿ ತಾಯಿಯನ್ನು ದೂಷಿಸುವುದುಂಟು. ಗರ್ಭದ ಮೊದಲ ಎರಡು ತಿಂಗಳಲ್ಲಿ ಮುಖದ ಭಾಗಗಳು ಸರಿಯಾಗಿ ಕೂಡಿಕೊಳ್ಳದಿರುವುದೇ ಸೀಳುತುಟಿಯಂತಹ ನ್ಯೂನತೆಗಳ ಮೂಲವೆಂಬುದನ್ನು ನಾವು ಅರಿಯಬೇಕಾಗಿದೆ. ಅಂತಹ ಮಗುವನ್ನು ಮರೆಮಾಡುವ ಬದಲು ಬೇಗನೆ ತಜ್ಞರ ಬಳಿಗೆ ಒಯ್ಯುವುದೇ ನಮ್ಮ ಕರ್ತವ್ಯ.

ಟೆಸ್ಸಿಯೆ 2008ರ ಜೂನ್‌ನಲ್ಲಿ, ತಮ್ಮ 90ನೆಯ ವಯಸ್ಸಿನಲ್ಲಿ ನಿಧನರಾದರು. ಮುಖ ಸೀಳಿದ ಶಿಶುವನ್ನು ಪರೀಕ್ಷಿಸುವ ವೈದ್ಯರು ಇಂದಿಗೂ ಮೊದಲು ಗುರುತಿಸುವುದು ಅವರು ನೀಡಿದ ಸಂಖ್ಯೆಯನ್ನೇ. ಇದಕ್ಕಿಂತ ಹಿರಿದಾದ ಸ್ಮಾರಕ ವೈದ್ಯನಿಗೆ ಬೇಕಿಲ್ಲವೆಂದು ನಾವು ಭಾವಿಸುತ್ತೇವೆ.